ಬೀಸಣಿಕೆ ಹಕ್ಕಿಗೆ ತೆತ್ತ ಕಿರುಬೆರಳು

ಈ ಹಕ್ಕಿ ನನಗೆ ಎಷ್ಟಕ್ಕೆ ಬಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಲಗೈಯ ಕಿರುಬೆರಳು, ಬುಡಸಮೇತ. ಒಂದು ಹೊಸ ಅಂಗಿ. ಆಮೇಲೆ ಒಂದು ಹೋರಿಯ ಮೇಲೆ ಬರಬೇಕಾಗಿದ್ದ ಪೂರ್ತಿ ಲಾಭ. ಬಾಲ ಬಿಟ್ಟರೆ ಹಕ್ಕಿ ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡದು. ತಕ್ಕಡಿಗೆ ಹಾಕಿದರೆ ಒಂದು ಹಿಡಿ ಒಣಮೆಣಸಿನಕಾಯಿಯಷ್ಟೂ ತೂಗಲಿಕ್ಕಿಲ್ಲ. ಇಷ್ಟು ಸಣ್ಣ ಮಾಲಿಗೆ ಇಷ್ಟು ದೊಡ್ಡ ಬೆಲೆಯನ್ನು ನಾನು ಇನ್ನೆಲ್ಲೂ ಕೊಟ್ಟಿಲ್ಲ. ಯಾಕೆ ಕೊಟ್ಟೆ ಎಂದರೆ, ಕೊಳ್ಳಲು ಹೋದ ಹೋರಿಯನ್ನು ಬಾಲದಿಂದ ಕೊಂಬಿನವರೆಗೆ ನೋಡಿದೆ, ಅದರ ತಲೆಯ ಮೇಲಿನ ಟೊಂಗೆಯನ್ನು ನೋಡಿಯೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನು ಅಗಡಿಯವನು. ಹಾವೇರಿಯ ದನದ ಸಂತೆಯಲ್ಲಿ ದಲಾಲಿ ಮಾಡುತ್ತೇನೆ. ಅದೇ ಸಂತೆಯಲ್ಲಿ ಮೊದಲು ಮೇವಿನ ಹೊರೆ ಹೊತ್ತೆ, ಆಮೇಲೆ ಬೇರೆಯವರ ಎತ್ತು ಹಿಡಿದುಕೊಂಡು ಬಿಸಿಲಲ್ಲಿ ನಿಂತೆ, ಆಮೇಲೆ ಅವುಗಳ ಬಾಯಿ ಬಿಡಿಸಿ ಹಲ್ಲು ನೋಡಲು ಕಲಿತೆ. ಕಲಿಸಿದವರು ಯಾರೂ ಇಲ್ಲ, ಒದೆ ತಿಂದು ಕಲಿತದ್ದು. ಈಗ ಸ್ವಂತದ್ದೊಂದು ಟೆಂಪೊ ಇದೆ, ಅದಕ್ಕೊಬ್ಬ ಡ್ರೈವರ್ ಇದ್ದಾನೆ. ನಾನು ಕೈ ಹಿಡಿದರೆ ಎದುರಿನವನು ಮಾರುತ್ತಾನೋ ಇಲ್ಲವೋ ಹೇಳಿಬಿಡುತ್ತೇನೆ ಎಂದು ಸಂತೆಯಲ್ಲಿ ಹೆಸರಿದೆ.

ಕೈ ಹಿಡಿಯುವುದು ಎಂದರೇನೆಂದು ಸಂತೆ ನೋಡದವರಿಗೆ ಹೇಳಬೇಕು. ನಮ್ಮಲ್ಲಿ ದನದ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಬಲಗೈ ಚಾಚಿ ಮೇಲೊಂದು ಟವೆಲ್ ಮುಚ್ಚುತ್ತಾರೆ. ಒಳಗೆ ಬೆರಳಿನ ಮಾತು. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು, ಹೆಬ್ಬೆರಳೂ ಸೇರಿ ಇಡೀ ಹಸ್ತ ಹಿಡಿದರೆ ಐದು. ಮೊದಲ ಹಿಡಿತ ಹತ್ತು ಸಾವಿರಗಳದ್ದು, ಎರಡನೆಯದು ಬಿಡಿ ಸಾವಿರಗಳದ್ದು. ಸುತ್ತ ನಿಂತವರಿಗೆ ನಮ್ಮ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಎದುರಿನವನ ಅಂಗೈ ಬೆವರಿದ್ದರೆ ಅವನು ಮಾರುತ್ತಾನೆ. ಒಣಗಿದ್ದರೆ ಚಹಾ ಕುಡಿದು ಮನೆಗೆ ಹೋಗುವುದು ಒಳ್ಳೆಯದು.

ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಹೋರಿ ಓಟ ಶುರುವಾಗುತ್ತದೆ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವೆ ಬಿಡುತ್ತಾರೆ. ಓಡುವ ಹೋರಿಯ ಮೈಮೇಲೆ ಬಿದ್ದು ಆ ಕೊಬ್ಬರಿಯನ್ನು ಹರಿದುಕೊಂಡವನು ಗಂಡು. ಯಾರ ಕೈಗೂ ಸಿಗದೆ ಪಾರಾದ ಹೋರಿಗೆ ಅಭಿಮಾನಿ ಬಳಗ, ಊರ ಬಾಗಿಲಲ್ಲಿ ಫ್ಲೆಕ್ಸು. ಯಾರದೋ ಹೊಟ್ಟೆ ಹರಿಯುತ್ತದೆ, ಯಾರದೋ ತೊಡೆ ಸೀಳುತ್ತದೆ, ಮುಂದಿನ ಓಟಕ್ಕೆ ಮತ್ತೆ ಅದೇ ಜನ. ನಾನು ಓಡುವವನಲ್ಲ. ಓಡುವವರಿಗೆ ಹೋರಿ ಕೊಡಿಸುವವನು.

ಕಾಗಿನೆಲೆಯ ಆಚೆ ಒಂದು ಸಣ್ಣ ಊರಿನಲ್ಲಿ ಅಂಥದೊಂದು ಹೆಸರಾದ ಹೋರಿ ಇತ್ತು. ಅದರ ಹೆಸರು ಬರೆಯುವುದಿಲ್ಲ, ಅಭಿಮಾನಿಗಳು ಇನ್ನೂ ಇದ್ದಾರೆ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟ ನನ್ನ ಗಿರಾಕಿಯೊಬ್ಬ ಹೇಗಾದರೂ ಅದನ್ನೇ ಕೊಡಿಸು ಎಂದು ಗಂಟುಬಿದ್ದಿದ್ದ. ಹೋರಿ ಒಬ್ಬ ವಿಧವೆಯದು. ಆಕೆಗೆ ಒಬ್ಬನೇ ಮಗ, ಮದುವೆಯ ವಯಸ್ಸಿನವನು. ಆ ವರ್ಷದ ಒಂದು ಓಟ ಮುಗಿದ ಮೇಲೆ ಹಗ್ಗ ಹಾಕಲು ಹೋದ ಅವನನ್ನು ಅವನದೇ ಹೋರಿ ಗೋಡೆಗೆ ಒತ್ತಿತ್ತು. ಪಕ್ಕೆಲುಬು ಮುರಿದು ಪುಪ್ಪುಸಕ್ಕೆ ಚುಚ್ಚಿತ್ತು. ಇನ್ನೊಮ್ಮೆ ಅಲ್ಲೇ ಏಟು ಬಿದ್ದರೆ ಹೆಣ ಒಯ್ಯಲು ಬನ್ನಿ ಎಂದು ಡಾಕ್ಟರು ತಾಯಿಗೆ ನೇರವಾಗಿ ಹೇಳಿ ಕಳಿಸಿದ್ದರು. ಅವನು ಮನೆಗೆ ಬಂದು ಎದ್ದು ಓಡಾಡಿದ್ದೇ ತಡ, ಯುಗಾದಿಯ ಓಟಕ್ಕೆ ಹೋರಿಯನ್ನು ನಾನೇ ಬಿಡುತ್ತೇನೆ ಎಂದ. ತಾಯಿ ನನಗೆ ಫೋನ್ ಮಾಡಿಸಿದಳು.

ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ಬ್ಯಾಡಗಿ ದಾಟುವತನಕ ಮೆಣಸಿನಕಾಯಿ ಘಾಟಿಗೆ ಡ್ರೈವರ್ ಸೀನುತ್ತಲೇ ಇದ್ದ. ಆ ಮನೆಯ ಮುಂದೆ ದೊಡ್ಡ ಅಂಗಳ, ಅಂಗಳದ ತುಂಬ ಒಣಗಲು ಹರವಿದ ಮೆಣಸಿನಕಾಯಿ. ಒಂದು ಮಗ್ಗುಲಿಗೆ ಮಾವಿನ ಗಿಡ, ಗಿಡದ ಕೆಳಗೆ ಗೂಟ, ಗೂಟದಲ್ಲಿ ಹೋರಿ. ಬೆಳ್ಳಗೆ, ಕಣ್ಣಿನ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು, ಡುಬ್ಬ ನನ್ನ ಭುಜಕ್ಕಿಂತ ಮೇಲೆ.

ಅದರ ಬೆನ್ನ ಮೇಲೆ ಒಂದು ಹಕ್ಕಿ. ಬೂದುಗಪ್ಪು ಮೈ, ಬೆಳ್ಳನೆಯ ಹುಬ್ಬು, ಬಾಲವನ್ನು ಬೀಸಣಿಕೆಯ ಹಾಗೆ ಬಿಚ್ಚುತ್ತ ಮುಚ್ಚುತ್ತ ಆ ಕಡೆ ಈ ಕಡೆ ತಿರುಗುತ್ತಿತ್ತು. ಹೋರಿಯ ಮೈಯಿಂದ ನೊಣ ಎದ್ದರೆ ಸಾಕು, ಚಂಗನೆ ಜಿಗಿದು ಗಾಳಿಯಲ್ಲೇ ಕಚ್ಚಿ ಮತ್ತೆ ಅಲ್ಲೇ ಬಂದು ಕೂರುತ್ತಿತ್ತು. ಕೊಕ್ಕು ಮುಚ್ಚಿದ ಟಪ್ ಎಂಬ ಸದ್ದು ನಾನು ನಿಂತಲ್ಲಿಗೆ ಕೇಳಿಸಿತು. ಓದಿದವರು ಇದನ್ನು ನೊಣಹಿಡುಕ ಎನ್ನುತ್ತಾರಂತೆ. ನಮಗೆ ಬೀಸಣಿಕೆ ಹಕ್ಕಿ. ರಾಣೆಬೆನ್ನೂರಿನ ಕುರುಚಲು ಕಾಡಿನಲ್ಲಿಯೂ ಇದೆ, ಊರೊಳಗಿನ ಮಾವಿನ ಗಿಡದಲ್ಲಿಯೂ ಇದೆ. ಹೋರಿ ಕಣ್ಣು ಅರ್ಧ ಮುಚ್ಚಿ ಸುಖವಾಗಿ ನಿಂತಿತ್ತು. ಹಕ್ಕಿ ಕಿವಿಯ ಹತ್ತಿರ ಬಂದರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಮಾಲು ಶಾಂತವಾಗಿದೆ ಎಂದು ನಾನು ಮನಸ್ಸಿನಲ್ಲಿ ಬೆಲೆ ಏರಿಸಿಕೊಂಡೆ. ಅದು ಮೊದಲನೆಯ ತಪ್ಪು ಲೆಕ್ಕ. ಶಾಂತಿ ಹೋರಿಯದಾಗಿರಲಿಲ್ಲ, ನೊಣ ಇಲ್ಲದ ಮೈಯದಾಗಿತ್ತು.

ತಲೆಯ ಮೇಲಿನ ತಗ್ಗು ಟೊಂಗೆಯಲ್ಲಿ ಅದರ ಗೂಡು. ಚಹಾದ ಸಣ್ಣ ಲೋಟದ ಬುಡ ಕತ್ತರಿಸಿ ಅಂಟಿಸಿದಷ್ಟು, ಹೊರಗೆಲ್ಲ ಜೇಡರ ಬಲೆ ಮೆತ್ತಿದ್ದು. ಒಳಗೆ ಮರಿಗಳಿದ್ದವು. ನಾವು ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿರುವಾಗ ಒಂದು ಕಾಗೆ ಆ ಗಿಡಕ್ಕೆ ಬಂತು. ಎಲ್ಲಿದ್ದವೋ, ಗಂಡು ಹೆಣ್ಣು ಎರಡೂ ಅದರ ಮೇಲೆ ಬಿದ್ದವು. ಒಂದು ಅದರ ನೆತ್ತಿಗೆ ಕುಕ್ಕಿತು, ಇನ್ನೊಂದು ಹಾರುವ ಕಾಗೆಯ ಬೆನ್ನೇರಿ ಕೂತು ಗರಿ ಕಿತ್ತಿತು. ತನಗಿಂತ ಎಷ್ಟೋ ಪಾಲು ದೊಡ್ಡ ಪ್ರಾಣಿಯನ್ನು ಅದು ಸವಾರಿ ಮಾಡಿಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಕಾಗೆ ಮೆಣಸಿನಕಾಯಿಯ ಮೇಲೆ ಮುಗ್ಗರಿಸಿ ಎದ್ದು ಓಡಿಹೋಯಿತು. ಹಕ್ಕಿ ಟೊಂಗೆಗೆ ಮರಳಿ, ಸೀಟಿ ಊದಿದ ಹಾಗೆ ಏರಿಳಿತದ ಒಂದು ಹಾಡು ಹೇಳಿ, ಮತ್ತೆ ನೊಣ ಹಿಡಿಯಲು ಹೋಯಿತು.

ಆ ತಾಯಿ ನಕ್ಕು, ತಮ್ಮ ಬೆಕ್ಕು ಈಗ ಅಂಗಳ ದಾಟುವುದನ್ನೇ ಬಿಟ್ಟು ಹಿತ್ತಲ ಬಾಗಿಲಿನಿಂದ ಓಡಾಡುತ್ತದೆ ಎಂದಳು. ಹಕ್ಕಿ ಕುಕ್ಕಿದ ಬೆಕ್ಕಿನ ಒಂದು ಕಣ್ಣು ಸೋರುತ್ತಿತ್ತು, ದಿನಾ ಅದನ್ನು ತೊಳೆಯುವವಳು ಆಕೆಯೇ.

ಮಗನ ಬೈಕು ಗಿಡದ ಆಚೆ ನಿಂತಿತ್ತು. ಅದರ ಎರಡೂ ಕನ್ನಡಿಗಳಿಗೆ ಕಾಲುಚೀಲ ತೊಡಿಸಿ ದಾರ ಕಟ್ಟಿದ್ದ. ನನ್ನ ಡ್ರೈವರ್ ಬಾಯಿ ಮುಚ್ಚಿಕೊಂಡು ಇರುವವನಲ್ಲ.

"ಯಾಕ ದೋಸ್ತಾ, ನಿನ್ನ ಗಾಡಿಗೆ ಕಣ್ಣಬ್ಯಾನಿ ಬಂದೈತೇನು?"

ಮಗ ನಗಲಿಲ್ಲ. ಹಕ್ಕಿ ಕನ್ನಡಿಯೊಳಗೆ ಇನ್ನೊಂದು ಹಕ್ಕಿ ಕಂಡು ಹೊಡೆದಾಡುತ್ತದೆ, ಕೊಕ್ಕಿನಿಂದ ರಕ್ತ ಬರುವತನಕ ಬಿಡುವುದಿಲ್ಲ, ಅದಕ್ಕೇ ಮುಚ್ಚಿದ್ದೇನೆ ಎಂದ. ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಹೋರಿಯ ಮುಂದೆ ಎದೆ ಕೊಟ್ಟು ನಿಲ್ಲುವ ಮನುಷ್ಯ, ಹಕ್ಕಿಯ ಕೊಕ್ಕಿಗಾಗಿ ಕನ್ನಡಿಗೆ ಕಾಲುಚೀಲ ಕಟ್ಟುತ್ತಾನೆ.

ತಾಯಿ ನನ್ನ ಪಕ್ಕಕ್ಕೆ ಬಂದು ಕೂತು ದನಿ ತಗ್ಗಿಸಿದಳು.

"ಅಣ್ಣಾ, ಇವತ್ತ ಹೊಡಕೊಂಡು ಹೋಗಿಬಿಡು. ಯುಗಾದಿಗೆ ಇದು ಈ ಗೂಟದಾಗ ಇತ್ತಂದ್ರ ನನ್ನ ಮಗ ಇರೂದಿಲ್ಲ."

ಮನೆಯ ಗಂಡಸೆಂದು ಕೈ ಕೊಡಬೇಕಾದವನು ಆ ಮಗನೇ. ಟವೆಲ್ಲಿನ ಕೆಳಗೆ ಅವನ ಹಸ್ತ ಹಿಡಿದರೆ ಒಣ ಕಟ್ಟಿಗೆ. ಮಾರುವ ಮನಸ್ಸು ಒಂದಿಷ್ಟೂ ಇಲ್ಲ. "ನೋಡಾಕೇನು ರೊಕ್ಕ ಹತ್ತೂದಿಲ್ಲ ಕಾಕಾ, ನೋಡ್ಕೊಂಡು ಹೋಗ್ರಿ" ಎಂದು ಮೊದಲೇ ಚುಚ್ಚಿದ್ದ. ಹತ್ತು ಸಾವಿರಗಳ ಹಿಡಿತ ಬೇಗ ಕೂಡಿತು. ಬಿಡಿ ಸಾವಿರಕ್ಕೆ ನಾನು ಮೂರು ಬೆರಳು ಹಿಡಿದೆ, ಅವನು ನಾಲ್ಕು ಹಿಡಿದ. ನಾನು ಮೂರು, ಅವನು ನಾಲ್ಕು. ಕಿರುಬೆರಳನ್ನು ಹೇಗೆ ಅದುಮುತ್ತಿದ್ದನೆಂದರೆ, ಮುರಿಯಲಿ ಎಂದೇ ಅದುಮುತ್ತಿದ್ದ. ಬೆಲೆ ಕೂಡದೆ ವ್ಯಾಪಾರ ಬಿದ್ದುಹೋಗಲಿ ಎಂಬುದು ಅವನ ಆಸೆ. ತಾಯಿ ಎದುರಿಗೆ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ನಾನು ನಾಲ್ಕಕ್ಕೆ ಒಪ್ಪಿಬಿಟ್ಟೆ. ಒಪ್ಪಿದೆ ಎಂದು ತಿಳಿದಾಗ ಅವನ ಕೈ ಸತ್ತಂತಾಯಿತು.

ವ್ಯಾಪಾರ ಕುದುರಿದ ಮೇಲೆ ಹಗ್ಗ ಬದಲಿಸುವುದು ನಮ್ಮ ಪದ್ಧತಿ. ತನ್ನ ಹಗ್ಗವನ್ನು ಯಾರೂ ದನದ ಜೊತೆ ಕೊಡುವುದಿಲ್ಲ, ಕೊಟ್ಟಿಗೆಯ ಲಕ್ಷ್ಮಿ ಅದರ ಹಿಂದೆ ಹೋಗುತ್ತಾಳೆ ಎಂಬ ನಂಬಿಕೆ. ನಾನು ನನ್ನ ಹೊಸ ನೈಲಾನ್ ಹಗ್ಗವನ್ನು ಮೂಗುದಾರಕ್ಕೆ ಗಂಟು ಹಾಕಿದೆ. ಹೊಸ ಹಗ್ಗ ಜಾರುತ್ತಿತ್ತು, ಅದಕ್ಕೆ ಅಂಗೈಗೆ ಸುತ್ತಿಕೊಂಡೆ. ಮಗ ಹಳೆಯ ಹಗ್ಗವನ್ನು ಗೂಟದಿಂದ ಬಿಚ್ಚುತ್ತಿದ್ದ. ಅಷ್ಟರಲ್ಲಿ ತಾಯಿ ಒಳಗೆ ಹೋಗಿ ಟ್ರಂಕಿನಿಂದ ಝೂಲ ತಂದಳು. ಝೂಲ ಎಂದರೆ ಹಬ್ಬಕ್ಕೆ ಎತ್ತಿನ ಬೆನ್ನಿಗೆ ಹೊದಿಸುವ ಬಟ್ಟೆ. ಕೆಂಪು ಮಖಮಲ್ಲು, ಅದರ ತುಂಬ ದುಂಡಗಿನ ಸಣ್ಣ ಕನ್ನಡಿಗಳು, ಆಕೆಯೇ ಕೂತು ಹೊಲಿದದ್ದು. ಹಣೆಗೆ ಕಟ್ಟುವ ಪಟ್ಟಿಗೆ ಅಂಗೈಯಗಲದ ಒಂದು ಕನ್ನಡಿ.

ನಾನು ಇದೆಲ್ಲ ಯಾಕಕ್ಕಾ, ಟೆಂಪೊದಲ್ಲಿ ಹರಿಯುತ್ತದೆ ಎಂದೆ.

"ಬರೀ ಮೈಲೆ ಕಳಸೂದಿಲ್ಲಣ್ಣಾ. ಹೆಣ್ಣಮಗಳಾಗಿದ್ರ ಸೀರಿ ಉಡಸ್ತಿದ್ದಿಲ್ಲೇನು?"

ಆಕೆ ಹೊದಿಸಿದಳು, ಹಣೆಪಟ್ಟಿ ಕಟ್ಟಿದಳು, ಆರತಿ ಮಾಡಲು ತಟ್ಟೆ ತರಲು ತಿರುಗಿದಳು. ಕಾಲುಚೀಲ ಕಟ್ಟಿದ ಮಗ ಅಲ್ಲೇ ಇದ್ದ. ಅದನ್ನು ನೋಡಿ ನಕ್ಕ ನಾನು ಅಲ್ಲೇ ಇದ್ದೆ. ಬೆಕ್ಕಿನ ಕಣ್ಣು ತೊಳೆಯುವ ತಾಯಿ ಅಲ್ಲೇ ಇದ್ದಳು. ಯಾರ ತಲೆಗೂ ಹೊಳೆಯಲಿಲ್ಲ.

ಎಲೆಗಳ ನಡುವಿನಿಂದ ಬಿಸಿಲು ಝೂಲದ ಮೇಲೆ ಬಿತ್ತು. ಒಂದೊಂದು ಕನ್ನಡಿಯೊಳಗೂ ಒಂದೊಂದು ವೈರಿ, ಅದೂ ಗೂಡಿನ ನೇರ ಕೆಳಗೆ. ಮೊದಲ ಹಕ್ಕಿ ಕಲ್ಲಿನ ಹಾಗೆ ಬಿತ್ತು. ಟಕಟಕ ಎಂದು ಕನ್ನಡಿಗೆ ಕುಕ್ಕುತ್ತ, ಕಿರುಚುತ್ತ, ಒಂದರಿಂದ ಇನ್ನೊಂದಕ್ಕೆ ಹಾರಿತು. ಎಷ್ಟು ಹೊಡೆದರೂ ಮುಂದಿನ ಕನ್ನಡಿಯಲ್ಲಿ ಮತ್ತೊಬ್ಬ. ಎರಡನೆಯದು ಹಣೆಪಟ್ಟಿಯ ಕನ್ನಡಿಯನ್ನು ಹಿಡಿಯಿತು. ರೆಕ್ಕೆಯನ್ನು ಹೋರಿಯ ಎರಡೂ ಕಣ್ಣಿಗೆ ಬಡಿಯುತ್ತ ಅಲ್ಲೇ ನಿಂತು ಕುಕ್ಕತೊಡಗಿತು. ಒಂದು ಏಟು ಗುರಿ ತಪ್ಪಿ ಹೋರಿಯ ಕಣ್ಣಿನ ರೆಪ್ಪೆಗೆ ಬಿತ್ತು.

ಆಮೇಲೆ ಆದದ್ದು ಒಂದು ಉಸಿರಿನೊಳಗೆ ಆಯಿತು. ಹೋರಿ ಒಮ್ಮೆ ತಲೆ ಕೆಳಗೆ ಹಾಕಿ, ಹಗ್ಗಸಮೇತ ನನ್ನನ್ನು ಎತ್ತಿಕೊಂಡು ಹೊರಟಿತು. ನಾನು ಎದೆಯ ಮೇಲೆ ಬಿದ್ದೆ. ಮೆಣಸಿನಕಾಯಿಯ ಮೇಲೆ ಹಲಗೆಯ ಹಾಗೆ ಜಾರಿಕೊಂಡು ಹೋದೆ, ಹೊಸ ಅಂಗಿ ಚಿಂದಿಯಾಯಿತು, ಬಾಯಿ ಮೂಗು ಕಣ್ಣಿಗೆಲ್ಲ ಖಾರ ತುಂಬಿತು. ಮಗ ಎದುರಿನಿಂದ ಬಂದು ಕೊಂಬಿಗೆ ಜೋತುಬಿದ್ದ. ಹೋರಿ ಅವನನ್ನು ಎತ್ತಿ ನೀರು ಕುಡಿಸುವ ಕಲ್ಲಿನ ದೋಣಿಯ ಮೇಲೆ ಎಸೆಯಿತು. ಅವನ ಭುಜ ಕೀಲು ಬಿಟ್ಟ ಸದ್ದು ಮತ್ತು ನನ್ನ ಬೆರಳಿನ ಸದ್ದು ಒಟ್ಟಿಗೇ ಕೇಳಿದವು. ಕಬ್ಬು ಮುರಿದ ಹಾಗಿತ್ತು. ಹಗ್ಗ ನನ್ನನ್ನು ಬಿಟ್ಟು ಹೋಯಿತು. ಸದ್ಯ ಬಿಟ್ಟಿತಲ್ಲ ಎಂದು ಎದ್ದು ಕೂತೆ. ಕೈ ನೋಡಿಕೊಂಡರೆ ಕಿರುಬೆರಳಿದ್ದ ಕಡೆ ಬೆಳ್ಳಗೆ ಏನೋ ಇತ್ತು, ಆಮೇಲೆ ಅದೂ ಕೆಂಪಾಯಿತು.

ಹೋರಿ ಟೆಂಪೊಕ್ಕೆ ಗುದ್ದಿ ಹೆಡ್‌ಲೈಟು ಪುಡಿ ಮಾಡಿತು. ಡ್ರೈವರ್ ಟಾಪಿನ ಮೇಲೆ ಹತ್ತಿ ಕೂತಿದ್ದ. ಎರಡೂ ಹಕ್ಕಿಗಳು ಅದರ ಬೆನ್ನು ಬಿಡದೆ ಹೊಡೆಯುತ್ತಲೇ ಇದ್ದವು. ಕೊನೆಗೆ ಜಾಲಿ ಬೇಲಿಗೆ ನುಗ್ಗಿದಾಗ ಝೂಲ, ಹಣೆಪಟ್ಟಿ ಎರಡೂ ಮುಳ್ಳಿಗೆ ಸಿಕ್ಕಿ ಹರಿದು ಉಳಿದವು. ಬರೀ ಮೈ ಆದದ್ದೇ ಹೋರಿ ನಿಂತಿತು. ಏದುಸಿರು ಬಿಡುತ್ತ ತಾನೇ ತಿರುಗಿ ಬಂದು, ಮಗ ಬಿದ್ದಿದ್ದ ದೋಣಿಗೆ ಮೂತಿ ಹಾಕಿ ಅವನ ತುಟಿಯ ರಕ್ತ ಬೆರೆತ ನೀರನ್ನು ಕುಡಿಯಿತು. ಹಕ್ಕಿಗಳಿಗೆ ಹೋರಿ ಬೇಕಾಗಿರಲಿಲ್ಲ. ಬೇಲಿಯ ಮೇಲೆ ನೇತಾಡುವ ಝೂಲವನ್ನು ಹೊಡೆಯುತ್ತಿದ್ದವು.

ಬೆರಳು ಮೆಣಸಿನಕಾಯಿಯಲ್ಲಿ ಎಲ್ಲೋ ಇತ್ತು. ಅಂಗಳವೆಲ್ಲ ಕೆಂಪು, ಅದರಲ್ಲಿ ಕೆಂಪಾದ ಒಂದು ಬೆರಳು. ಹುಡುಕಿದವಳು ಆ ತಾಯಿ. ಮಂಡಿಯೂರಿ ಕೂತು ಎರಡೂ ಕೈಯಿಂದ ಕಾಯಿ ಆರಿಸಿದ ಹಾಗೆ ಆರಿಸಿದಳು, ಹಿಡಿದು ನೋಡಿ ಹಿಂದಕ್ಕೆ ಎಸೆದಳು, ಹಿಡಿದು ನೋಡಿ ಎಸೆದಳು. ವರ್ಷಗಟ್ಟಲೆ ಕಾಯಿ ಬೇರೆ ಮಾಡಿದ ಕೈ, ನಿಲ್ಲಲೇ ಇಲ್ಲ. ಸಿಕ್ಕಾಗ ಸೆರಗಿನ ತುದಿಯಲ್ಲಿ ಹಿಡಿದು ಡ್ರೈವರನ ಕೈಗೆ ಕೊಟ್ಟು ಮುಖ ಆಚೆ ತಿರುಗಿಸಿದಳು.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಗಿರಾಕಿಗಳಿಗೆ ಹೇಳುವವರಿದ್ದಾರೆ. ಅವರನ್ನು ಒಮ್ಮೆ ನನ್ನ ಹತ್ತಿರ ಕಳಿಸಿ.

ಟೆಂಪೊದಲ್ಲಿ ಹಾವೇರಿಯವರೆಗೆ ನನ್ನ ಕೈಯನ್ನು ಮೇಲೆತ್ತಿ ಬಿಗಿಯಾಗಿ ಹಿಡಿದು ಕೂತವನು ಮಗ. ಅವನ ಎಡಭುಜ ಜೋತಾಡುತ್ತಿತ್ತು, ತುಟಿ ಸೀಳಿತ್ತು. ಕೈಗೆ ಸುತ್ತಿದ್ದು ವ್ಯಾಪಾರಕ್ಕೆ ತಂದಿದ್ದ ಅದೇ ಟವೆಲ್ಲು. ಎಷ್ಟೋ ದೂರ ಹೋದ ಮೇಲೆ ಅವನು ಬಾಯಿಬಿಟ್ಟ.

"ಕಾಕಾ, ಅದರ ಕಣ್ಣ ಉಳದೈತಿ ಅಲ್ರಿ?"

"ನನ್ನ ಬೆರಳ ಹೋಗೇತಿ ಮಗನ, ನಿನಗ ಅದರ ಕಣ್ಣಿನ ಚಿಂತಿ."

ಅವನು ಹಿಡಿದ ಹಿಡಿತವನ್ನು ಸಡಿಲಿಸಲಿಲ್ಲ.

ದಾರಿಯಲ್ಲಿ ಡ್ರೈವರ್ ಜಾಣತನ ಮಾಡಿದ. ಐಸ್‌ಕ್ಯಾಂಡಿ ಮಾರುವವನೊಬ್ಬನನ್ನು ನಿಲ್ಲಿಸಿ, ಅವನ ಡಬ್ಬಿಯ ಐಸನ್ನು ಸೀದಾ ಪ್ಲಾಸ್ಟಿಕ್ ಚೀಲಕ್ಕೆ ಸುರುವಿ, ಬೆರಳನ್ನು ಅದರೊಳಗೇ ಹುಗಿದ. ಹಾವೇರಿಯ ಡಾಕ್ಟರು ಚೀಲ ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದರು. ಹಗ್ಗಕ್ಕೆ ಕಿತ್ತು ಬಂದ ಬೆರಳು ಕೂಡುವುದೇ ಕಷ್ಟ, ಐಸಿಗೆ ನೇರವಾಗಿ ತಾಗಿ ಇದ್ದ ಜೀವವೂ ಸುಟ್ಟುಹೋಗಿದೆ ಎಂದರು. ಗಾಯದೊಳಗಿನ ಮೆಣಸಿನಕಾಯಿ ಬೀಜಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆದರು. ನಾನು ಕೂಗಿದ್ದು ಹೊರಗೆ ಚಹಾದ ಅಂಗಡಿಯವರೆಗೆ ಕೇಳಿಸಿತಂತೆ.

ನಾನು ಅಗಡಿಯ ಮನೆಯಲ್ಲಿ ಕೈ ಎತ್ತಿ ಹಿಡಿದು ಮಲಗಿದ್ದಾಗ ಒಂದು ಸಂಗತಿ ನಡೆಯಿತು. ದಲಾಲಿಯಲ್ಲಿ ಇಷ್ಟು ಕಾಲ ಇದ್ದ ನಾನು ಅದನ್ನು ಮೊದಲೇ ಎಣಿಸಬೇಕಿತ್ತು. ಹೋರಿಯ ಬೆಲೆ ಏರಿತು. ಬೆರಳು ಕಿತ್ತ ಹೋರಿ ಎಂದು ಅದರ ಸುದ್ದಿ ಬ್ಯಾಡಗಿ ದಾಟಿ ರಾಣೆಬೆನ್ನೂರಿನವರೆಗೆ ಹೋಯಿತು. ಬೀಜದ ಅಂಗಡಿಯವನು ಫೋನ್ ಮಾಡಿ ಮೊದಲು ನನ್ನ ಕೈ ಹೇಗಿದೆ ಎಂದು ಕೇಳಿದ, ಉತ್ತರ ಮುಗಿಯುವ ಮೊದಲೇ ಇನ್ನೂ ಎಷ್ಟಾದರೂ ಹಾಕುತ್ತೇನೆ, ಬೇರೆಯವರು ಒಯ್ಯುವ ಮೊದಲು ಹೊಡೆದುಕೊಂಡು ಬಾ ಎಂದ. ಇನ್ನೂ ನಾಲ್ಕು ಕಡೆಯವರು ಆ ಮನೆಗೆ ಹೋಗಿ ಬಂದಿದ್ದರು. ನನ್ನ ಬೆರಳಿನಿಂದ ಏರಿದ ಬೆಲೆಯಲ್ಲಿ ನನಗೇ ಹೋರಿ ಸಿಗುವುದಿಲ್ಲ ಎಂಬ ಪರಿಸ್ಥಿತಿ. ಹಗ್ಗ ಬದಲಾಗಿ ಹೋರಿ ಅಂಗಳ ದಾಟಿರಲಿಲ್ಲ, ಹಾಗಾಗಿ ಹಳೆಯ ವ್ಯಾಪಾರ ಲೆಕ್ಕಕ್ಕಿಲ್ಲ ಎಂದು ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹೆಂಡತಿ ಆ ದಿಕ್ಕಿಗೇ ಹೋಗಬೇಡಿ ಎಂದಳು.

ಆದರೆ ಆ ತಾಯಿ ಮತ್ತೆ ಫೋನ್ ಮಾಡಿಸಿದಳು. ಭುಜ ಕೂಡಿಸಿಕೊಂಡು ಬಂದ ಮಗ ಒಂದು ಕೈ ಕೊರಳಿಗೆ ಕಟ್ಟಿಕೊಂಡೇ ಯುಗಾದಿಗೆ ಹೋರಿ ಬಿಡುವವನಿದ್ದ. ಅವನ ಫೋಟೊ ಹಾಕಿದ ಫ್ಲೆಕ್ಸು ಆಗಲೇ ಊರ ಬಾಗಿಲಲ್ಲಿ ನಿಂತಿತ್ತು. ಬೇರೆ ಯಾರು ಎಷ್ಟು ಬೆರಳು ಹಿಡಿದರೂ ಅವನು ಕೈ ಕಿತ್ತುಕೊಳ್ಳುತ್ತಿದ್ದಾನೆ, ನೀನು ಬಂದು ಕೇಳಿ ನೋಡು ಎಂದಳು.

ಹೋದೆ. ಅಂಗಳದಲ್ಲಿ ಮೆಣಸಿನಕಾಯಿ ಇರಲಿಲ್ಲ, ಮಾರಿ ಆಗಿತ್ತು. ಬೈಕಿನ ಕನ್ನಡಿಗೆ ಕಾಲುಚೀಲ ಹಾಗೇ ಇತ್ತು. ಮಾವಿನ ಗಿಡದ ಹಳೆಯ ಗೂಡು ಖಾಲಿ. ಆ ದಿನ ಎರಡೂ ಹಕ್ಕಿಗಳು ಬೇಲಿಯ ಮೇಲಿನ ಝೂಲದ ಜೊತೆ ಕಾದಾಡುತ್ತಿದ್ದಾಗ ಕಾಗೆ ಬಂದು ಮರಿಗಳನ್ನು ಒಂದೊಂದಾಗಿ ಒಯ್ದಿತು, ಎಲ್ಲರೂ ಬೆರಳು ಹುಡುಕುತ್ತಿದ್ದರು, ಓಡಿಸುವವರು ಯಾರೂ ಇರಲಿಲ್ಲ ಎಂದು ತಾಯಿ ಹೇಳಿದಳು. ಈಗ ಪಕ್ಕದ ಟೊಂಗೆಯಲ್ಲಿ ಹೊಸ ಗೂಡು ಎದ್ದಿತ್ತು. ಕಾವಿಗೆ ಕೂತ ಹಕ್ಕಿಯ ಬಾಲ ಮಾತ್ರ ಕಾಣುತ್ತಿತ್ತು. ಝೂಲದ ಉಳಿದ ಕನ್ನಡಿಗಳನ್ನೆಲ್ಲ ಆಕೆ ಕತ್ತರಿಯಿಂದ ಬಿಡಿಸಿ ಬಾವಿಗೆ ಹಾಕಿದ್ದಳು.

ಗೋಡೆಯ ಮೇಲೆ ಅಭಿಮಾನಿ ಬಳಗದವರು ಸಾಲಾಗಿ ಕೂತಿದ್ದರು. ನಾನು ಟವೆಲ್ ಬಿಚ್ಚಿದಾಗ ಒಬ್ಬ ಮೇಲಿಂದಲೇ ಕೇಳಿದ.

"ಏನ್ರಿ ದಲಾಲ್ರ, ಒಂದು ಬೆರಳ ಕಡಿಮಿ ಆತು. ಇನ್ನ ರೇಟ್ ಹೆಂಗ ಹೇಳ್ತೀರಿ?"

ಎಲ್ಲರೂ ನಕ್ಕರು. ನನಗೂ ನಗು ಬಂತು, ಮಾತು ಚೆನ್ನಾಗಿತ್ತು.

ಮಗ ಬಲಗೈ ಕೊಟ್ಟ. ಟವೆಲ್ ಮುಚ್ಚಿದೆ. ಅವನ ಅಂಗೈ ಮೊದಲಿನ ಹಾಗೇ ಒಣಗಿತ್ತು. ಹತ್ತು ಸಾವಿರಗಳ ಹಿಡಿತ ನಾನು ಹಳೆಯದನ್ನೇ ಹಿಡಿದೆ. ಇಡೀ ಸೀಮೆ ಅದಕ್ಕಿಂತ ಮೇಲೆ ಹೋಗಿತ್ತು, ಅವನು ಕೈ ಕಿತ್ತುಕೊಳ್ಳುತ್ತಾನೆ ಎಂದುಕೊಂಡೆ. ಕಿತ್ತುಕೊಳ್ಳಲಿಲ್ಲ. ಬಿಡಿ ಸಾವಿರಕ್ಕೆ ಅವನು ಹಳೆಯ ಛಲದಲ್ಲೇ ನಾಲ್ಕು ಹಿಡಿಯಲು ಬಂದ. ತೋರುಬೆರಳು ಹಿಡಿದ, ನಡುವಿನದು ಹಿಡಿದ, ಉಂಗುರದ್ದು ಹಿಡಿದ, ಕಿರುಬೆರಳಿಗೆ ಕೈ ಹಾಕಿದ. ಅಲ್ಲಿ ಏನೂ ಇರಲಿಲ್ಲ. ಅವನ ಬೆರಳು ಹೊಲಿಗೆಯ ಗುರುತಿನ ಮೇಲೆ ನಿಂತಿತು. ಚರ್ಮ ಇನ್ನೂ ಎಳೆಯದು, ಮುಟ್ಟಿದರೆ ಜೀವ ಹೋಗುತ್ತಿತ್ತು. ನಾನು ಕೈ ಹಿಂದೆ ಎಳೆಯಲಿಲ್ಲ. ಎಳೆದರೆ ವ್ಯಾಪಾರ ಹೋಗುತ್ತದೆ.

ಅವನು ಬಹಳ ಹೊತ್ತು ಹಾಗೇ ಹಿಡಿದುಕೊಂಡ. ಗೋಡೆಯ ಮೇಲಿನವರು ಬೆಲೆ ಜಗ್ಗಾಡುತ್ತಿದೆ ಎಂದುಕೊಂಡಿರಬೇಕು. ನನ್ನ ಕೈಯೊಳಗೆ ಅವನ ಅಂಗೈ ತೇವವಾಗತೊಡಗಿತು. ಆಮೇಲೆ, ಯಾರೂ ಬಾಯಿಬಿಟ್ಟು ಬೆಲೆ ಹೇಳದ ಜಾಗದಲ್ಲಿ ಅವನು ಬಾಯಿಬಿಟ್ಟು ಹೇಳಿದ.

"ಇದ್ದಷ್ಟ ಸಾಕ ಬಿಡ್ರಿ ಕಾಕಾ."

ಟವೆಲ್ಲನ್ನು ತಾನೇ ತೆಗೆದ. ಮೂರಕ್ಕೆ ಮುಗಿಯಿತು. ನಾನು ಕೇಳದೆಯೇ ಸಿಕ್ಕ ರಿಯಾಯಿತಿ ಜೀವಮಾನದಲ್ಲಿ ಅದೊಂದೇ.

ಈ ಸಲ ತಾಯಿ ಹೋರಿಯ ಹಣೆಗೆ ಕುಂಕುಮ ಹಚ್ಚಿದಳು, ಅಷ್ಟೇ. ನನ್ನ ಹಗ್ಗವನ್ನು ಮಡಚಿ ಹಿಡಿದೆ, ಸುತ್ತಿಕೊಳ್ಳಲಿಲ್ಲ. ಹಕ್ಕಿಯೊಂದು ಗಿಡದಿಂದ ಇಳಿದು ಹೋರಿಯ ಬೆನ್ನ ಮೇಲೆ ಕೂತು, ಟೆಂಪೊದ ಹಲಗೆಯವರೆಗೆ ನೊಣ ಹಿಡಿಯುತ್ತಲೇ ಬಂತು. ಹೋರಿ ಮೇಲೇರಿದ ಮೇಲೆ ಹಾರಿ ವಾಪಸು ಹೋಯಿತು. ಮಗ ಹಳೆಯ ಹಗ್ಗವನ್ನು ಕೈಯಲ್ಲಿ ಹಿಡಿದು ಗೂಟದ ಹತ್ತಿರ ನಿಂತಿದ್ದ. ತಾಯಿ ಅವನ ಪಕ್ಕೆಯ ಮೇಲೆ ಕೈ ಇಟ್ಟುಕೊಂಡಿದ್ದಳು, ಮುರಿದ ಜಾಗದ ಮೇಲೆ.

ರಾಣೆಬೆನ್ನೂರಿನವನಿಗೆ ನಾನು ಹೋರಿ ಕೊಡಲಿಲ್ಲ. ಕತ್ತೆ ಎಂದು ಬೈದ, ಅವನ ದೃಷ್ಟಿಯಲ್ಲಿ ನಿಜವೇ. ನನ್ನ ಲೆಕ್ಕ ಬೇರೆ. ಅದು ಮತ್ತೆ ಓಟಕ್ಕೆ ಬಂದರೆ ಈ ಮಗ ಅದರ ಹಿಂದೆ ಹೋಗುತ್ತಾನೆ. ಅದು ಇನ್ನೊಬ್ಬನ ಹೊಟ್ಟೆ ಹರಿದ ದಿನ ಮೊದಲ ಫೋನು ಬರುವುದು ಕೊಡಿಸಿದ ದಲಾಲನಿಗೆ. ಹೊಸರಿತ್ತಿಯ ಒಬ್ಬ ರೈತನಿಗೆ, ನಾನು ಕೊಂಡ ಬೆಲೆಗೇ ಕೊಟ್ಟೆ. ಅವನು ಬೀಜ ಒಡೆಸಿ ಎತ್ತು ಮಾಡಿ ನೇಗಿಲ ಗಳೆಗೆ ಹೂಡಿದ. ಈಗ ಹೋಗಿ ನೋಡಿದರೆ ಅದೇ ಪ್ರಾಣಿ ಎಂದು ನಂಬುವುದಿಲ್ಲ. ಯುಗಾದಿಯ ಓಟದ ದಿನ ಮಗ ಗೋಡೆಯ ಮೇಲೆ ಕೂತು ನೋಡಿದನಂತೆ. ಆ ದಿನ ಬೇರೆ ಊರಿನ ಒಬ್ಬನನ್ನು ಕಂಬಳಿಯಲ್ಲಿ ಹೊತ್ತು ಒಯ್ದರು.

ಇಷ್ಟು ಓದಿದವರು ಬರಿಗೈಯಲ್ಲಿ ಹೋಗಬಾರದು. ದನ ಕೊಳ್ಳಲು ಹೋದರೆ ಹಲ್ಲು ನೋಡುವ ಮೊದಲು ತಲೆ ಎತ್ತಿ ಗಿಡ ನೋಡಿ. ಬೇಸಿಗೆ ಹತ್ತಿದಾಗಿನಿಂದ ಮಳೆ ಹಿಡಿಯುವತನಕ ಈ ಹಕ್ಕಿ ಗೂಡು ಕಟ್ಟುತ್ತದೆ. ಗೂಡಿದ್ದರೆ ದನವನ್ನು ಅಲ್ಲಿಂದ ಬೇರೆ ಕಡೆ ಕರೆದೊಯ್ದು ಹಗ್ಗ ಬದಲಿಸಿ. ಝೂಲ ಹೊದಿಸುವುದಾದರೆ ಕನ್ನಡಿ ಇಲ್ಲದ್ದನ್ನು ಹೊದಿಸಿ. ಹಗ್ಗ ಎಷ್ಟೇ ಜಾರಲಿ, ಕೈಗೆ ಸುತ್ತಿಕೊಳ್ಳಬೇಡಿ. ಮಡಚಿ ಮುಷ್ಟಿಯಲ್ಲಿ ಹಿಡಿಯಿರಿ, ಎಳೆದರೆ ಬಿಟ್ಟುಬಿಡಿ, ದನ ಎಲ್ಲಿಗೆ ಹೋದರೂ ಸಂಜೆಗೆ ಸಿಗುತ್ತದೆ. ಹಾಗಾಗದಿರಲಿ, ಒಂದು ವೇಳೆ ಬೆರಳು ಹೋಯಿತೋ, ಅದನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಆ ಚೀಲವನ್ನು ಐಸಿನ ಮೇಲಿಡಿ, ಬೆರಳಿಗೆ ಐಸು ತಾಗಬಾರದು. ಐಸ್‌ಕ್ಯಾಂಡಿಯವನ ಮಾತು, ಡ್ರೈವರನ ಮಾತು ಕೇಳಬೇಡಿ, ನೇರ ಆಸ್ಪತ್ರೆಗೆ ಹೋಗಿ. ಬೀಸಣಿಕೆ ಹಕ್ಕಿ ನಿಮ್ಮ ಬೈಕಿನ ಕನ್ನಡಿಯ ಜೊತೆ ಹೊಡೆದಾಡುತ್ತಿದ್ದರೆ ನಗುತ್ತ ನಿಲ್ಲಬೇಡಿ, ಅಷ್ಟರಲ್ಲಿ ಅದರ ಗೂಡಿಗೆ ಕಾಗೆ ಬಂದಿರುತ್ತದೆ. ಒಂದು ಹಳೆಯ ಕಾಲುಚೀಲ ತೊಡಿಸಿ. ಜೋಡಿ ಕಳೆದುಕೊಂಡದ್ದೊಂದು ಪ್ರತಿ ಮನೆಯಲ್ಲಿ ಬಿದ್ದಿರುತ್ತದೆ, ಕೊಳ್ಳುವ ಖರ್ಚೂ ಇಲ್ಲ.